ಮೈ ನೆಟ್ಟಗಿದ್ದರೇ ಕಷ್ಟ

ಕಳೆದ ಗುರುವಾರ ನಾನು ಕುಣಿಗಲ್‌ನಲ್ಲಿ ಟೊಮೇಟೊ ಮಾರುವುದು ಸ್ವಲ್ಪದರಲ್ಲಿ ತಪ್ಪಿತು.

ತಳ್ಳುಗಾಡಿಯ ಹಿಡಿ ಹಿಡಿದುಕೊಂಡು, ಬಗ್ಗಿಕೊಂಡು, ರಸ್ತೆಯ ಅಂಚಿನಲ್ಲಿ ಹೋಗುತ್ತಿದ್ದೆ. ಗೇಟಿನ ಹತ್ತಿರ ನಿಂತಿದ್ದ ಒಬ್ಬಾಕೆ, 'ಅಜ್ಜೀ, ನಿಂತ್ಕೊ ಒಸಿ. ಟೊಮೇಟೊ ಹೆಂಗೆ?' ಅಂದಳು. ನಾನು ಪಕ್ಕದಲ್ಲಿದ್ದ ಗಾಡಿಯ ನಿಜವಾದ ಒಡತಿಯ ಮುಖ ನೋಡಿದೆ. ಅವಳು ನಗು ತಡೆದುಕೊಂಡು ರೇಟು ಹೇಳಿದಳು. ಆದರೂ ಆಕೆ ಚೌಕಾಸಿ ಶುರು ಮಾಡಿದ್ದು ನನ್ನ ಜೊತೆಗೇ. ಮುದುಕಿ, ಬೇಗ ಬಗ್ಗುತ್ತಾಳೆ ಅಂದುಕೊಂಡಿರಬೇಕು. (ಬಗ್ಗುವುದರಲ್ಲಿ ನಾನೀಗ ಎಕ್ಸ್‌ಪರ್ಟ್ ಅಂತ ಪಾಪ ಅವಳಿಗೇನು ಗೊತ್ತು.)

ಸರ್ವೀಸ್ ಪೂರ್ತಿ ಪೋಸ್ಟಾಫೀಸಿನ ಕೌಂಟರಿನ ಹಿಂದೆ ಕೂತು ಸ್ಟಾಂಪು ಮಾರಿದವಳು, ರಿಟೈರ್ ಆದಮೇಲೆ ಈ ಅಂಕಣದಲ್ಲಿ ವಾರವಾರ ನಿಮ್ಮ ತಲೆ ತಿನ್ನುವವಳು, ತರಕಾರಿ ಗಾಡಿ ತಳ್ಳುವ ಹಂತಕ್ಕೆ ಹೇಗೆ ಬಂದಳು? ಹೇಳ್ತೀನಿ. ಆದರೆ ನಗುವ ಭಾಗ ಹೆಚ್ಚುಕಡಿಮೆ ಇಲ್ಲಿಗೆ ಮುಗಿಯಿತು. ಆಮೇಲೆ ಬೈಕೋಬೇಡಿ.

ನನಗೆ ಬೆನ್ನಿನ ಕಾಯಿಲೆ. ಲಂಬಾರ್ ಸ್ಟೆನೋಸಿಸ್ ಅಂತ ಅದರ ಹೆಸರು. ಸೊಂಟದ ಹತ್ತಿರ ಬೆನ್ನುಮೂಳೆಯೊಳಗೆ, ಕಾಲಿಗೆ ಹೋಗುವ ನರಗಳಿಗೆ ಒಂದು ದಾರಿ ಇರುತ್ತದೆ. ವಯಸ್ಸಾಗುತ್ತಾ ಕೆಲವರಿಗೆ ಆ ದಾರಿ ಕಿರಿದಾಗುತ್ತದೆ. ನೆಟ್ಟಗೆ ನಿಂತರೆ ಇನ್ನೂ ಕಿರಿದು. ಮುಂದಕ್ಕೆ ಬಗ್ಗಿದರೆ ಒಂಚೂರು ಅಗಲ. ಗಿಡಕ್ಕೆ ನೀರು ಬಿಡುವ ಪೈಪನ್ನು ಯಾರಾದರೂ ತುಳಿದುಕೊಂಡು ನಿಂತರೆ ಏನಾಗುತ್ತದೋ ಅದೇ. ನಾನು ನೆಟ್ಟಗೆ ನಿಂತಾಗಲೆಲ್ಲ ನನ್ನ ಪೈಪನ್ನು ನಾನೇ ತುಳಿದುಕೊಂಡಿರುತ್ತೇನೆ. ಮೊದಲು ಸೊಂಟದ ಕೆಳಗೆ ಭಾರ, ಆಮೇಲೆ ತೊಡೆಯಲ್ಲಿ ಉರಿ, ಆಮೇಲೆ ಪಾದದವರೆಗೂ ಜೋಮು. ಕಾಲು ನನ್ನದಲ್ಲ ಅನ್ನಿಸಿಬಿಡುತ್ತದೆ. ಕೂತರೆ ಹೋಗುತ್ತದೆ. ಎದ್ದು ನಡೆದರೆ ಮತ್ತೆ ಬರುತ್ತದೆ.

ಈಗ ನಮ್ಮ ಮಾತನ್ನೇ ನೋಡಿ. ಹುಷಾರಿಲ್ಲ ಅನ್ನುವುದಕ್ಕೆ 'ಮೈ ನೆಟ್ಟಗಿಲ್ಲ' ಅಂತೀವಿ. ಸುಳ್ಳು ಹೇಳುವವನಿಗೆ 'ನೆಟ್ಟಗೆ ಮಾತಾಡು' ಅಂತೀವಿ. ಸಿಟ್ಟು ಬಂದರೆ 'ಈ ಮನೇಲಿ ಒಂದೂ ನೆಟ್ಟಗಿಲ್ಲ' ಅಂತೀವಿ. ನೆಟ್ಟಗಿರುವುದೆಲ್ಲ ಸರಿ, ಬಗ್ಗಿದ್ದೆಲ್ಲ ತಪ್ಪು. ಮೈ ನೆಟ್ಟಗಿದ್ದರೇ ಕಷ್ಟ ಅನ್ನುವ ಹೆಂಗಸು ತನ್ನ ನೋವನ್ನು ಯಾವ ಕನ್ನಡದಲ್ಲಿ ಹೇಳಬೇಕು?

ಹೇಳಿ ನೋಡಿದೆ. ಯಾರೂ ನಂಬಲಿಲ್ಲ.

ಗುಬ್ಬಿಯ ಆಚೆ ಹೊಸ ಲೇಔಟಿನಲ್ಲಿ ನಮ್ಮ ನಾದಿನಿಯ ಗೃಹಪ್ರವೇಶ ಇತ್ತು. (ಬಿದರೆಹಳ್ಳಿ ಕಾವಲ್‌ಗೆ ಹೆಲಿಕಾಪ್ಟರ್ ಫ್ಯಾಕ್ಟರಿ ಬಂದಮೇಲೆ ಆ ಕಡೆ ಯಾರನ್ನು ಮಾತಾಡಿಸಿದರೂ ಸೈಟಿನ ಮಾತೇ.) ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿದ್ದು ನಾನು. ಚಿಕ್ಕದಲ್ಲ, ಗೇಟಿನಿಂದ ಹೊಸಿಲವರೆಗೂ. ಸೊಂಟ ಬಗ್ಗಿಸಿ, ಚುಕ್ಕಿ ಇಟ್ಟು, ಎಳೆ ಎಳೆದು, ಬಣ್ಣ ತುಂಬಿ ಎದ್ದೆ. ಒಂದು ಚೂರೂ ನೋವಿಲ್ಲ. ಎಲ್ಲರೂ ಫೋಟೋ ತೆಗೆದುಕೊಂಡರು. 'ಅತ್ತಿಗೆ ಕೈ ಇನ್ನೂ ಹಂಗೇ ಐತೆ' ಅಂತ ನಾದಿನಿಗೂ ಹೆಮ್ಮೆ.

ಆಮೇಲೆ ಪೂಜೆಗೆ ನಿಲ್ಲಬೇಕಾಯಿತು. ಮಂಗಳಾರತಿ ಬರುವ ಹೊತ್ತಿಗೆ ಕಾಲು ಉರಿಯತೊಡಗಿತ್ತು. ಊಟದ ಹೊತ್ತಿನಲ್ಲಿ 'ಅತ್ತಿಗೆ, ಪಾಯಸ ಒಂದು ರೌಂಡ್ ಬಡಿಸಿ' ಅಂತ ಬಕೆಟ್ಟು ಕೈಗೆ ಬಂತು. ಒಂದು ಸಾಲು ಮುಗಿಸುವುದರೊಳಗೆ ನಾನು ಹೊರಗೆ ಜಲ್ಲಿ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೆ.

ನಾದಿನಿ ಬಂದಳು. 'ಅಲ್ಲ ಅತ್ತಿಗೆ, ರಂಗೋಲಿ ಹಾಕೋವಾಗ ಇಲ್ದಿರೋ ನೋವು, ಬಡಿಸಿ ಅಂದ ತಕ್ಷಣ ಬಂದ್ಬುಡ್ತಾ?'

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಇನ್ನೇನು ಮಾಡಲಿ? ಬೆನ್ನು ನೋವು ಇದ್ದವರಿಗೆ ಬಗ್ಗಲು ಆಗಬಾರದು, ಅದು ಲೋಕಕ್ಕೆಲ್ಲ ಗೊತ್ತಿರುವ ವಿಷಯ. ನಾನು ಕಸ ಗುಡಿಸುತ್ತೇನೆ, ನೆಲ ಒರೆಸುತ್ತೇನೆ, ಬಟ್ಟೆ ಒಗೆಯುತ್ತೇನೆ. ಒಲೆಯ ಮುಂದೆ ನಿಂತು ಒಂದು ಹುಳಿ ಕುದಿಸಲು ಆಗುವುದಿಲ್ಲ. ನಾಟಕ ಅಲ್ಲದೆ ಇನ್ನೇನು? ನನ್ನ ಜಾಗದಲ್ಲಿ ನಾದಿನಿ ಇದ್ದಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆನೋ ಏನೋ.

ಯಜಮಾನರದ್ದು ಇನ್ನೊಂದು ರಾಗ. ತುಮಕೂರಿನ ಬಟವಾಡಿಯಲ್ಲಿ ನಮ್ಮ ಮನೆಯಿಂದ ಹಾಲಿನ ಬೂತಿಗೆ ಹೋಗಿ ಬರುವಷ್ಟರಲ್ಲಿ 'ನೆಟ್ಟಗೆ ನಡಿಯೇ, ಗೂನು ಬರುತ್ತೆ' ಅಂತ ದಾರಿಯುದ್ದಕ್ಕೂ ಜಪ. ಪಾರ್ಕಿನ ಯೋಗದ ಗುಂಪಿಗೆ ಸೇರಿಸಿದ್ದೂ ಅವರೇ. ಅಲ್ಲಿ ಬೆನ್ನು ನೋವು ಅಂದವರಿಗೆಲ್ಲ ಒಂದೇ ಮದ್ದು. ಬೋರಲು ಮಲಗಿ, ಹಾವು ಹೆಡೆ ಎತ್ತಿದ ಹಾಗೆ ಎದೆ ಎತ್ತಿ, ಹಿಂದಕ್ಕೆ ಬಾಗಬೇಕು. ಶ್ರದ್ಧೆಯಿಂದ ಬಾಗಿದೆ. ಆ ವಾರವೆಲ್ಲ ಬಚ್ಚಲಿಗೆ ಹೋಗುವುದಕ್ಕೂ ಗೋಡೆ ಹಿಡಿದುಕೊಂಡೆ.

ಕೊನೆಗೆ ಸ್ಕ್ಯಾನ್ ಆಯಿತು. ಕಾಯಿಲೆಗೆ ಹೆಸರು ಸಿಕ್ಕಿತು. ಆಪರೇಷನ್ ಮಾಡಬಹುದು, ಆದರೆ ಹಾರ್ಟಿನದೂ ಸ್ವಲ್ಪ ಇದೆ, ಅವಸರ ಬೇಡ, ಮೊದಲು ಫಿಸಿಯೋಥೆರಪಿ ಮಾಡಿ ನೋಡಿ ಅಂದರು ಡಾಕ್ಟರು.

ಫಿಸಿಯೋ ಹುಡುಗಿಯ ಹೆಸರು ಮೇಘನಾ. ಅವಳ ಕ್ಲಿನಿಕ್ ಮಹಡಿಯ ಮೇಲೆ, ಲಿಫ್ಟ್ ಇಲ್ಲ. (ಬೆನ್ನು, ಮಂಡಿ, ಸೊಂಟ ಕೆಟ್ಟವರಿಗೆಂದೇ ಇರುವ ಜಾಗ ಮಹಡಿ ಮೇಲೇ ಯಾಕಿರಬೇಕು? ಬಾಡಿಗೆ ಕಡಿಮೆ ಇರಬೇಕು, ಬಿಡಿ.) ವಿಚಿತ್ರ ಅಂದರೆ ನನಗೆ ಹತ್ತುವುದು ಕಷ್ಟವಾಗಲಿಲ್ಲ. ಹತ್ತುವಾಗ ಬಗ್ಗುತ್ತೇವಲ್ಲ. ಇಳಿಯುವಾಗ ಗೊತ್ತಾಯಿತು.

ಅವಳು ನನ್ನನ್ನು ನಡೆಸಿದಳು, ನಿಲ್ಲಿಸಿದಳು, ಬಗ್ಗಿಸಿದಳು. ಆಮೇಲೆ ಹೇಳಿದಳು, 'ಬಗ್ಗಿ ಆಂಟಿ. ಆರಾಮಾಗಿ ಬಗ್ಗಿ. ನಿಮಗೆ ಅದೇ ಔಷಧಿ.'

ನಾನು ಅಲ್ಲೇ ಅತ್ತುಬಿಟ್ಟೆ. ಪಾಪ, ಎಲ್ಲೋ ಒತ್ತಿದ್ದು ಜಾಸ್ತಿ ಆಯ್ತೇನೋ ಅಂತ ಗಾಬರಿಯಾದಳು.

ಮಲಗಿಕೊಂಡು ಮಂಡಿಗಳನ್ನು ಎದೆಗೆ ಎಳೆದುಕೊಳ್ಳುವುದು. ಕುರ್ಚಿಯಲ್ಲಿ ಕೂತು ಕೈ ನೆಲಕ್ಕೆ ತಾಗುವ ಹಾಗೆ ಬಗ್ಗುವುದು. ಹೊಟ್ಟೆ ಬಿಗಿ ಹಿಡಿಯುವುದು. ನಿಂತ ಕಡೆಯೇ ನಿಂತಿರುವ ಸೈಕಲ್ ತುಳಿಯುವುದು. ನಡೆಯುವಾಗ, ನೋವು ಜೋರಾಗುವುದಕ್ಕೆ ಮುಂಚೆಯೇ ಎಲ್ಲಾದರೂ ಕೂತು, ಆರಿದ ಮೇಲೆ ಎದ್ದು, ಮತ್ತೆ ನಡೆಯುವುದು. ಎಲ್ಲ ಮಾಡಿದೆ. ಒಂದು ದಿನ ಕೇಳಿಯೇಬಿಟ್ಟೆ.

'ಇದು ವಾಸಿಯಾಗುತ್ತೇನಮ್ಮ?'

'ಒಳಗಿನ ದಾರಿ ಎಕ್ಸರ್‌ಸೈಜ್‌ನಿಂದ ಅಗಲ ಆಗಲ್ಲ ಆಂಟಿ. ಸುಳ್ಳು ಹೇಳಲ್ಲ ನಾನು. ನೀವು ನಡೆಯೋ ದೂರ ಜಾಸ್ತಿ ಮಾಡಬಹುದು. ಎಲ್ಲಿಗೆ ನಡೀಬೇಕು ಹೇಳಿ, ಅಲ್ಲಿಗೆ ಟ್ರೈ ಮಾಡೋಣ.'

ಎಲ್ಲಿಗೆ ನಡೀಬೇಕು? ಯಾರೂ ಕೇಳಿರಲಿಲ್ಲ. ಉತ್ತರ ಮಾತ್ರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. 'ಕುಣಿಗಲ್‌ನಲ್ಲಿ, ಮೇನ್ ರೋಡಿಂದ ನಮ್ಮಕ್ಕನ ಮನೆಗೆ.'

ನಮ್ಮಕ್ಕ ಶಿವಮ್ಮನ ಸುದ್ದಿ ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅವ್ವ ಹೊಲಕ್ಕೆ ಹೋದರೆ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಊರೆಲ್ಲ ತಿರುಗಿದವಳು ಅವಳು. ಅವಳ ಸೊಂಟದ ಮೇಲೆ ಬೆಳೆದವಳು ನಾನು. ಬೆಳೆದದ್ದು ಅಂದರೆ ಸ್ವಲ್ಪ ಜಾಸ್ತಿಯೇ ಬೆಳೆದೆ. ನಮ್ಮ ಮನೆಯಲ್ಲಿ ಎಲ್ಲರೂ ಗಿಡ್ಡ, ನಾನೊಬ್ಬಳೇ ಉದ್ದ. ಅಕ್ಕ ನನ್ನನ್ನು ಗೌರಿ ಅಂತ ಕರೆದದ್ದಕ್ಕಿಂತ 'ತೆಂಗಿನಮರ' ಅಂತ ಕರೆದದ್ದೇ ಹೆಚ್ಚು.

ಅಕ್ಕನಿಗೀಗ ಮರೆವಿನ ಕಾಯಿಲೆ. ಹಾಸಿಗೆ ಹಿಡಿದಿದ್ದಾಳೆ. ಫೋನಿನಲ್ಲಿ ನನ್ನ ದನಿ ಕೇಳಿದರೆ ಟೀವಿ ಅಂದುಕೊಂಡು ಆರಿಸಿ ಅನ್ನುತ್ತಾಳಂತೆ. ಮುಖಾಮುಖಿ ಕಂಡರೆ ಮಾತ್ರ ಗುರುತು ಸಿಗುತ್ತದೆ, ಅದೂ ಕೆಲವರದ್ದು. ಅವಳ ಸೊಸೆ ಸುಧಾ ಹೇಳಿದ್ದಳು, 'ಚಿಕ್ಕತ್ತೆ, ನಿಮ್ಮೆಸ್ರು ಮಾತ್ರ ಇನ್ನೂ ಮರ್ತಿಲ್ಲ. ದಿನಾ ಕೇಳ್ತಾರೆ. ಬೇಗ ಒಂದ್ಸಲ ಬಂದ್ಹೋಗಿ.'

ಆ 'ಬೇಗ' ಅನ್ನುವ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತ್ತು.

ಆಟೋದಲ್ಲಿ ಹೋಗಬಹುದಲ್ಲ ಅಂತೀರಾ? ಮೇನ್ ರೋಡಿನವರೆಗೆ ಹೋಗಬಹುದು. ಅಕ್ಕನ ಮನೆಯ ರಸ್ತೆಯನ್ನು ಪೈಪ್‌ಲೈನಿಗೆ ಅಂತ ಅಗೆದು, ಅರ್ಧ ಮುಚ್ಚಿ, ಹಾಗೇ ಬಿಟ್ಟಿದ್ದಾರೆ. ಬೈಕು, ತಳ್ಳುಗಾಡಿ ಹೇಗೋ ಅಂಚಿನಲ್ಲಿ ನುಸುಳುತ್ತವೆ. ಬೈಕಿನಲ್ಲಿ ಕೂರಿಸಿಕೊಂಡು ಹೋಗಬೇಕಾದ ಅಕ್ಕನ ಮಗ ನಾನು ಹೋಗುವ ಹೊತ್ತಿನಲ್ಲಿ ಅಮೃತೂರಿನ ಸ್ಕೂಲಿನಲ್ಲಿ ಪಾಠ ಮಾಡುತ್ತಿರುತ್ತಾನೆ. ಆ ರಸ್ತೆಯನ್ನು ನಾನೇ ನಡೆಯಬೇಕು. ಮೊದಲೆಲ್ಲ ಚೀಲ ಬೀಸಿಕೊಂಡು ಹೋಗಿಬಿಡುತ್ತಿದ್ದ ರಸ್ತೆ.

ಮೇಘನಾ ಒಂದು ಉಪಾಯ ಹೇಳಿಕೊಟ್ಟಳು. 'ಮಾರ್ಟ್‌ನಲ್ಲಿ ಟ್ರಾಲಿ ತಳ್ಕೊಂಡು ನಡೆದು ನೋಡಿ ಆಂಟಿ.'

ಹೋದೆ. ಟ್ರಾಲಿಯ ಮೇಲೆ ಮೊಣಕೈ ಊರಿ, ಮುಂದಕ್ಕೆ ವಾಲಿ, ನಡೆದೆ. ಬಿಸ್ಕತ್ತಿನ ಸಾಲು, ಸೋಪಿನ ಸಾಲು, ಬೇಳೆಯ ಸಾಲು, ಮತ್ತೆ ಬಿಸ್ಕತ್ತು. ಉರಿ ಇಲ್ಲ. ಜೋಮು ಇಲ್ಲ. ನಂಬಲಿಕ್ಕೇ ಆಗಲಿಲ್ಲ. ಮದುವೆಯಾದ ಹೊಸದರಲ್ಲೂ ನಾನು ಅಷ್ಟು ಖುಷಿಯಾಗಿ ನಡೆದಿರಲಿಲ್ಲ. ಸೆಕ್ಯೂರಿಟಿಯವನು ಬಂದು 'ಏನ್ ಹುಡುಕ್ತಿದೀರಾ ಮೇಡಂ?' ಅಂದ. 'ಏನೂ ಇಲ್ಲಪ್ಪ, ನಡೀತಿದೀನಿ' ಅಂದೆ. ಅವನು ಖಾಲಿ ಟ್ರಾಲಿ ನೋಡಿದ, ನನ್ನ ಮುಖ ನೋಡಿದ, ವಾಪಸ್ ಹೋಗಿ ಬಾಗಿಲಲ್ಲಿ ನಿಂತ. ಹೊರಗೆ ಬಂದು ಟ್ರಾಲಿ ಬಿಟ್ಟು ಫುಟ್‌ಪಾತಿಗೆ ಕಾಲಿಟ್ಟೆ. ಮತ್ತೆ ಅದೇ ಕಾಲು. ಚಕ್ರದ ವಾಕರ್ ತಂದದ್ದೂ ಆಯಿತು. ನಮ್ಮ ಫುಟ್‌ಪಾತಿನ ಸ್ಲ್ಯಾಬುಗಳ ಸಂದಿಯಲ್ಲಿ ಮೊದಲ ದಿನವೇ ಅದರ ಚಕ್ರ ಸಿಕ್ಕಿಕೊಂಡು ಮುರಿಯಿತು.

ಆದರೂ ಗುರುವಾರ ಹೊರಟೆ. ಬಸ್ಸಿನಲ್ಲಿ ಕೂತೇ ಹೋಗಿದ್ದರಿಂದ ಕಾಲು ಚೆನ್ನಾಗಿಯೇ ಇತ್ತು. ಆಟೋ ಇಳಿದು ನಡೆಯತೊಡಗಿದೆ. ನೋವು ಬರುವುದಕ್ಕೆ ಮುಂಚೆ ಕೂರಬೇಕು, ಸರಿ. ಎಲ್ಲಿ ಕೂರಬೇಕು? ಆ ರಸ್ತೆಯಲ್ಲಿ ಹಿಂದೆ ಮನೆಮನೆಗೂ ಜಗಲಿ ಇತ್ತು. ದಾರಿಹೋಕರು ಕೂತು, ನೀರು ಕೇಳಿ ಕುಡಿದು, ಸುದ್ದಿ ಹೇಳಿ ಎದ್ದು ಹೋಗುತ್ತಿದ್ದರು. ಈಗ ಎಲ್ಲ ಕಡೆ ಕಾಂಪೌಂಡು, ಗೇಟು, 'ನೋ ಪಾರ್ಕಿಂಗ್' ಬೋರ್ಡು. ಊರಿಗೆ ಊರೇ ಜಗಲಿ ಒಡೆದು ಗೋಡೆ ಕಟ್ಟಿಕೊಂಡಿದೆ. ಒಬ್ಬ ಮುದುಕಿ ಒಂದು ಗಳಿಗೆ ಕೂರುವುದಕ್ಕೆ ಜಾಗವಿಲ್ಲ.

ರಸ್ತೆಯ ಅಂಚಿನಲ್ಲೇ ಕುಕ್ಕರಗಾಲಲ್ಲಿ ಕೂತೆ. ಹಿಂದೆ ತರಕಾರಿ ಗಾಡಿಯವಳು ಬಂದಳು.

'ಯಾಕವ್ವ ಇಲ್ಲಿ ಕುಂತಿದೀಯ? ಗಾಡಿ ಹೋಗ್ಬೇಕು, ಒಸಿ ಜರುಗು.'

ಎದ್ದೆ. ಗಾಡಿಯ ಹಿಡಿ ನೋಡಿದೆ. ಮಾರ್ಟಿನ ಟ್ರಾಲಿ ನೆನಪಾಯಿತು. 'ಇದನ್ನ ನಾನು ತಳ್ಳಲೇನಮ್ಮ?' ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. 'ನಿಂಗೆ ಯಾಕವ್ವ ಈ ಪಾಡು?' ಅಂದಳು. ಕಾಲಿನ ಕಥೆ ಹೇಳಿದೆ. ಎಷ್ಟು ಅರ್ಥವಾಯಿತೋ, 'ತಳ್ಳು ಬುಡು' ಅಂತ ಪಕ್ಕಕ್ಕೆ ಸರಿದು, ತಕ್ಕಡಿ ಬೀಳದ ಹಾಗೆ ಹಿಡಿದುಕೊಂಡಳು.

ಹೀಗೆ, ಟೊಮೇಟೊ, ಬೀನ್ಸು, ಕೊತ್ತಂಬರಿ ಸಮೇತ, ನಾನು ಅಕ್ಕನ ಮನೆಯ ಬಾಗಿಲು ಮುಟ್ಟಿದೆ. ಮೇಘನಾಗೆ ಫೋನ್ ಮಾಡಿ ಹೇಳಬೇಕು ಅನ್ನುವಷ್ಟು ಸಂತೋಷವಾಗಿತ್ತು.

ಅಕ್ಕನದು ಬಾಡಿಗೆಗೆ ತಂದ ಆಸ್ಪತ್ರೆ ಮಂಚ. ಎತ್ತರ, ಪಕ್ಕದಲ್ಲಿ ಸರಳು. ನಾನು ಸರಳಿನ ಮೇಲೆ ಕೈ ಊರಿ, ಬಗ್ಗಿ, ಅವಳ ಕೆನ್ನೆ ಮುಟ್ಟಿದೆ. ಕಣ್ಣು ಬಿಟ್ಟಳು. ಮುಖ ಅರಳಿತು.

'ಅವ್ವಾ. ಬಂದ್ಯಾ?'

ನಮ್ಮವ್ವ ಹೋಗಿ ಎಷ್ಟೋ ಕಾಲವಾಯಿತು. ಕೊನೆಕೊನೆಗೆ ಅವ್ವನ ಸೊಂಟ ಬಗ್ಗಿಹೋಗಿತ್ತು. ಗೋಡೆ ಹಿಡಿದು, ಹೀಗೇ ಬಗ್ಗಿಕೊಂಡೇ ಓಡಾಡುತ್ತಿದ್ದಳು. ವಯಸ್ಸಾಯಿತು ಅಂತ ಊರೆಲ್ಲ ಅಂದಿತ್ತು, ಅವ್ವನೂ ಹಾಗೇ ಅಂದುಕೊಂಡಿದ್ದಳು. ಅವಳಿಗೂ ಇದೇ ಇತ್ತೋ ಏನೋ, ಯಾರು ಹೇಳಬೇಕು.

'ಅಕ್ಕಾ, ನಾನು ಕಣೇ, ಗೌರಿ.'

'ಗೌರಿ ಬರ್ಲಿಲ್ವಾ? ಬರ್ತೀನಿ ಅಂದಿದ್ಳು ತುಮ್ಕೂರಿಂದ.' ಅವಳ ಮುಖ ಬಾಡಿತು. 'ಬರಲ್ಲ ಬುಡವ್ವ ಅವ್ಳು. ನನ್ನ ಮರ್ತೇಬುಟ್ಟವ್ಳೆ.'

ನೀವು ಯಾರಾದರೂ ನಿಮ್ಮ ಎದುರಿಗೇ ನಿಮಗೋಸ್ಕರ ಕಾಯುವುದನ್ನು ನೋಡಿದ್ದೀರಾ? ನೋಡಬೇಡಿ. ಶತ್ರುವಿಗೂ ಬೇಡ.

ಬಾಗಿಲಲ್ಲಿ ನಿಂತಿದ್ದ ಸುಧಾ ಮೆಲ್ಲಗೆ ಅಂದಳು, 'ಚಿಕ್ಕತ್ತೆ, ಒಂಚೂರು ನೆಟ್ಟಗೆ ನಿಂತ್ಕೊಳ್ಳಿ. ಬಗ್ಗಿದ್ರೆ ನೀವು ಅವರಮ್ಮನ ಥರಾನೇ ಕಾಣ್ತೀರೇನೋ.'

ನೆಟ್ಟಗೆ ನಿಂತ್ಕೊಳ್ಳಿ. ಆ ಮಾತಿಗೆ ನಾನು ಉರಿದುಬೀಳುವವಳು. ಗುರುವಾರ ಉರಿದುಬೀಳಲಿಲ್ಲ. ಸರಳು ಬಿಟ್ಟೆ. ಸೊಂಟ ಎತ್ತಿದೆ. ಭುಜ ಎತ್ತಿದೆ. ನನ್ನ ಪೂರ್ತಿ ಎತ್ತರಕ್ಕೆ, ಹಿಂದಿನ ಎತ್ತರಕ್ಕೆ ನಿಂತೆ.

ಅಕ್ಕ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ಆಮೇಲೆ ನಕ್ಕಳು.

'ಏನೇ ತೆಂಗಿನಮರ, ಯಾವಾಗ್ ಬಂದೆ?'

'ಈಗ ಬಂದೆ ಕಣಕ್ಕ.'

'ಉಂಡ್ಯಾ? ಲೇ ಹುಡ್ಗಿ, ಇವ್ಳಿಗೆ ರೊಟ್ಟಿ ಹಾಕೇ. ಇವ್ಳಿಗೆ ಕಾಯಿಚಟ್ನಿ ಇಷ್ಟ.' ಕಾಯಿಚಟ್ನಿ ನನಗಿಷ್ಟ ಅಂತ ನನ್ನ ಮನೆಯಲ್ಲಿ ಈಗ ಯಾರಿಗೂ ಗೊತ್ತಿಲ್ಲ. ಅಕ್ಕನ ಮರೆವಿನ ನಡುವೆ ಅದು ಉಳಿದುಕೊಂಡಿದೆ. ಅವಳು ಮಾತಾಡುತ್ತಲೇ ಇದ್ದಳು. ನೀನು ಮಗುವಾಗಿದ್ದಾಗ ಭಾರ ಕಣೇ, ನನ್ನ ಸೊಂಟ ನೀನೇ ಮುರಿದಿದ್ದು ಅಂದಳು. ನಾನು ನಗುತ್ತಾ ನಿಂತಿದ್ದೆ. ಸೊಂಟದ ಕೆಳಗೆ ಭಾರ ಬಂತು. ತೊಡೆಗೆ ಉರಿ ಇಳಿಯಿತು. ಇನ್ನೊಂಚೂರು, ಇನ್ನೊಂಚೂರು ಅಂತ ಹಲ್ಲು ಕಚ್ಚಿದೆ. ಪಾದ ಜೋಮು ಹಿಡಿಯಿತು. ಕಾಲು ಕುಸಿಯಿತು. ಸರಳು ಹಿಡಿದು ಬಗ್ಗಿದೆ.

ಅಕ್ಕನ ಕಣ್ಣಿನಲ್ಲಿ ನಾನು ಹೋಗಿಬಿಟ್ಟೆ. ಕಂಡಿತು ಅದು ನನಗೆ.

'ಅವ್ವಾ, ಗೌರಿ ಇಲ್ಲೇ ಇದ್ಳು ಈಗ. ಎಲ್ಲೋದ್ಳು ನೋಡವ್ವ.'

ಮತ್ತೆ ನಿಂತೆ. ಮತ್ತೆ ಗೌರಿಯಾದೆ. ಆ ಸಲ ಇನ್ನೂ ಬೇಗ ಕುಸಿದೆ. ಸುಧಾ ಕುರ್ಚಿ ತಂದಳು. ಕೂತರೆ ಸರಳಿನ ಆಚೆ ನಾನು ಅಕ್ಕನಿಗೆ ಅವ್ವನೂ ಅಲ್ಲ, ಗೌರಿಯೂ ಅಲ್ಲ. ಯಾರೋ ನೆರೆಮನೆಯವರು. 'ಕಾಫಿ ಕುಡಿದು ಹೋಗಿ' ಅಂದಳು ಮರ್ಯಾದೆಯಾಗಿ. ಅವಳಿಗೆ ಗೊತ್ತಿರುವ ಗೌರಿ ನಿಂತಿರುವವಳು, ಉದ್ದ ಇರುವವಳು.

ಬರುವಾಗ ಬಸ್ಸಿನ ಕಿಟಕಿಗೆ ಮುಖ ಮಾಡಿಕೊಂಡು ಹೆಬ್ಬೂರು ದಾಟುವವರೆಗೂ ಅತ್ತೆ. ಅಳುವುದಕ್ಕೆ ಬಸ್ಸು ಒಳ್ಳೆಯ ಜಾಗ, ಯಾರೂ ಕೇಳುವುದಿಲ್ಲ.

ಶನಿವಾರ ಮೇಘನಾ ನನ್ನ ಮುಖ ನೋಡಿದ ತಕ್ಷಣ, 'ಆಂಟಿ, ತಲುಪಿದ್ರಾ?' ಅಂದಳು. ಅವಳ ಖುಷಿ ನೋಡಿ ಸಂಕಟವಾಯಿತು.

'ತಲುಪಿದೆ ಕಣಮ್ಮ. ಇನ್ನು ನನಗೆ ದೂರ ಬೇಡ. ನೆಟ್ಟಗೆ ನಿಲ್ಲೋದು ಹೇಳಿಕೊಡು.'

ವಿಷಯ ಹೇಳಿದೆ. ಎತ್ತರದ ಸ್ಟೂಲು, ಮಂಚ ತಗ್ಗಿಸುವುದು, ಒಂದು ಕಾಲನ್ನು ಮಣೆಯ ಮೇಲಿಟ್ಟು ನಿಲ್ಲುವುದು, ಎಲ್ಲ ಹೇಳಿದಳು. ಪ್ರಾಮಾಣಿಕ ಹುಡುಗಿ, ಕೊನೆಗೆ ತಾನೇ ಸೋತು ಹೇಳಿದಳು. 'ಬಗ್ಗಿಸಿ ಎಷ್ಟು ದೂರ ಬೇಕಾದ್ರೂ ಕರ್ಕೊಂಡು ಹೋಗಬಹುದೇನೋ ಆಂಟಿ. ನೆಟ್ಟಗೆ ನಿಲ್ಲಿಸೋದು ಮಾತ್ರ ಸ್ವಲ್ಪ ಹೊತ್ತು. ಅದಕ್ಕಿಂತ ಜಾಸ್ತಿ ನನ್ನ ಕೈಲಿಲ್ಲ.'

ಆಪರೇಷನ್ ಅಂದರೆ ಹಾರ್ಟಿನ ಡಾಕ್ಟರು ಒಪ್ಪಬೇಕು, ದಿನ ಸಿಗಬೇಕು, ಆಮೇಲೆ ಚೇತರಿಸಿಕೊಳ್ಳಬೇಕು. ಅಷ್ಟರಲ್ಲಿ ಅಕ್ಕನ ತಲೆಯೊಳಗೆ ತೆಂಗಿನಮರ ಉಳಿದಿರುತ್ತದೆ ಅಂತ ಯಾರು ಬರೆದುಕೊಡುತ್ತಾರೆ? ನಾನು ನಂಬುವುದಿಲ್ಲ. ನಿಮ್ಮ ಎದುರು ಧೈರ್ಯದ ಮಾತು ಆಡುವುದಕ್ಕೂ ಈ ವಾರ ನನಗೆ ಶಕ್ತಿಯಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಮನೆಯಲ್ಲಿ ಒಲೆಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ಯಜಮಾನರು ನೋಡಿ, 'ಈಗ ನೋಡು, ಎಷ್ಟು ನೆಟ್ಟಗೆ ನಿಂತಿದೀಯ. ನಾನು ಹೇಳ್ತಾ ಇದ್ದಿದ್ದೂ ಇದನ್ನೇ' ಅಂದರು. ಹಲ್ಲು ಕಚ್ಚಿದ್ದೆನಲ್ಲ, ಬಾಯಿ ತೆರೆಯುವ ಹಾಗಿರಲಿಲ್ಲ.

ಈ ಗುರುವಾರ ಮತ್ತೆ ಹೋಗ್ತೀನಿ. ಗಾಡಿಯವಳು ಸಿಕ್ಕರೆ ಅಕ್ಕನ ಬಾಗಿಲವರೆಗೂ ತೊಂದರೆಯಿಲ್ಲ. ಅಲ್ಲಿಂದ ಮುಂದೆ, ಆ ಮಂಚದ ಪಕ್ಕದಲ್ಲಿ, ಎಷ್ಟು ಹೊತ್ತು ಗೌರಿಯಾಗಿರುವುದಕ್ಕೆ ಆಗುತ್ತದೆ ನನಗೆ?